ಯೋಜನೆ ಸೋತ್ರೆ ನಷ್ಟ ಯಾರ ಲೆಕ್ಕಕ್ಕೆ?

(ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದೋ ಹುಡುಗ ಹುಡುಗೀರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ರೇಷ್ಮೆ ಬೆಳೆಯೋ ಒಂದಷ್ಟು ರೈತರು ಸೇರಿದ್ದ ಸಭೇಲಿ ಮಾತಾಡಿದ್ದು. ಬರೆದು ಕೊಡಿ ಸಾರ್ ಅಂತ ಕೇಳಿದ್ರು, ಆದಷ್ಟು ಮಾತಾಡಿದ ಹಾಗೇ ಬರ್ದಿದೀನಿ. ಅಲ್ಲಿ ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ಅಂತಾರಾಷ್ಟ್ರೀಯ ಅಭಿವೃದ್ಧಿ ನೀತಿ, ಅದರ ಆರ್ಥಿಕ, ಸಾಮಾಜಿಕ, ರಾಜಕೀಯ ಸವಾಲುಗಳು. ಹೆಸರು ಕೇಳಿದ ತಕ್ಷಣ ವಾಷಿಂಗ್ಟನ್, ಜಿನೀವಾ, ಅಲ್ಲಿನ ದೊಡ್ಡ ದೊಡ್ಡ ಮೀಟಿಂಗು ಇವೇ ಕಣ್ಮುಂದೆ ಬರ್ತವೆ, ನಮಗೂ ಅದಕ್ಕೂ ಏನು ಸಂಬಂಧ ಅನ್ಸುತ್ತೆ. ಆದ್ರೆ ನಮ್ಮ ಜಿಲ್ಲೇಲಿ ಆ ನೀತಿ ಮುಟ್ಟದೇ ಇರೋ ಊರು ಹುಡುಕೋದೇ ಕಷ್ಟ. ನಿಮ್ಮಪ್ಪ ಬೆಳೆಯೋ ಬಿಳಿ ಗೂಡಲ್ಲಿ ಜಪಾನ್ ಇದೆ, ನಿಮ್ಮಮ್ಮ ಕಟ್ಟೋ ವಾರದ ಕಂತಿನ ಹಿಂದೆ ವಿಶ್ವಸಂಸ್ಥೆ ಘೋಷಣೆ ಇದೆ, ಊರ ಕೆರೆ ಏರಿ ಮೇಲೆ ವಿಶ್ವಬ್ಯಾಂಕಿನ ಸಾಲ ಇದೆ. ಅದಕ್ಕೇ ನಾನು ಅಲ್ಲಿಂದ ಇಲ್ಲಿಗೆ ಬರಲ್ಲ, ಇಲ್ಲಿಂದ ಅಲ್ಲಿಗೆ ಹೋಗ್ತೀನಿ.

ನಾನು ಹೇಳ್ಬೇಕು ಅಂತಿರೋದು ಒಂದೇ ಮಾತು, ಅದನ್ನ ಮೊದಲೇ ಹೇಳ್ಬಿಡ್ತೀನಿ. ಒಂದು ಯೋಜನೆ ಬರುವಾಗ ಎಷ್ಟು ಕೋಟಿ, ಎಷ್ಟು ಜನಕ್ಕೆ ಅನುಕೂಲ, ಎಷ್ಟು ವರ್ಷ ಅಂತ ಎಲ್ಲಾ ಬರ್ದಿರ್ತಾರೆ. ಅದು ಸೋತ್ರೆ ನಷ್ಟ ಯಾರು ಹೊರಬೇಕು ಅನ್ನೋದು ಮಾತ್ರ ಎಲ್ಲೂ ಬರ್ದಿರಲ್ಲ, ಬರೀದೇ ಇದ್ದಾಗ ಅದು ತಾನಾಗೇ ಕೆಳಗಿರೋರ ತಲೆ ಮೇಲೆ ಬಂದು ಕೂರುತ್ತೆ. ಸಾಲ ಕೊಟ್ಟೋರಿಗೆ ಬಡ್ಡಿ ಸಮೇತ ವಾಪಸ್ ಬರುತ್ತೆ, ಸಲಹೆ ಕೊಟ್ಟೋರಿಗೆ ಫೀಸು ಬರುತ್ತೆ, ಆಫೀಸರಿಗೆ ಟ್ರಾನ್ಸ್‌ಫರ್ ಆಗುತ್ತೆ. ಉಳಿಯೋದು ತೋಟ ಹಾಕಿದ ರೈತ, ಸಾಲ ಎತ್ತಿದ ಹೆಣ್ಮಗಳು. ನನ್ನ ಪ್ರಕಾರ ಆರ್ಥಿಕ, ಸಾಮಾಜಿಕ, ರಾಜಕೀಯ ಅಂತ ಮೂರು ಭಾಗ ಮಾಡಿ ಕೇಳೋ ಎಲ್ಲಾ ಪ್ರಶ್ನೆಗಳ ಬೇರು ಇಲ್ಲೇ ಇದೆ.

ರೇಷ್ಮೆಯಿಂದ ಶುರು ಮಾಡೋಣ, ಯಾಕಂದ್ರೆ ಇಲ್ಲಿ ಕೂತಿರೋ ಅರ್ಧ ಜನದ ಮನೆ ನಡೆದಿರೋದು ಅದ್ರಲ್ಲೇ. 1980ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕದ ರೇಷ್ಮೆಗೆ ಅಂತಲೇ ಸಾಲ ಕೊಡ್ತು. 1989ರಲ್ಲಿ ರಾಷ್ಟ್ರೀಯ ರೇಷ್ಮೆ ಯೋಜನೆ ಬಂತು, ಅದಕ್ಕೆ ವಿಶ್ವಬ್ಯಾಂಕ್ ಜೊತೆ ಸ್ವಿಟ್ಜರ್ಲೆಂಡ್ ಕೂಡ ಕೈ ಜೋಡಿಸ್ತು. 1991ರಿಂದ ಜಪಾನಿನ ಜೈಕಾ ಸಂಸ್ಥೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜೊತೆ ಕೂತು ಬೈವೋಲ್ಟೈನ್, ಅಂದ್ರೆ ಬಿಳಿ ಗೂಡು ಕಟ್ಟೋ ಹುಳದ, ತಳಿ ಕೆಲಸ ಶುರು ಮಾಡ್ತು, ವರ್ಷಗಟ್ಟಲೆ ಮಾಡ್ತು. ಸಿಎಸ್‌ಆರ್ 2, ಸಿಎಸ್‌ಆರ್ 4 ಅಂತ ನೀವು ಕೇಳಿರ್ತೀರಲ್ಲ, ಆ ತಳಿಗಳು ಹಂಗೆ ಬಂದಿದ್ದು. ಅದಕ್ಕೆ ಮುಂಚೆ ನಮ್ಮಲ್ಲಿ ಬಹುಪಾಲು ಹಳದಿ ಗೂಡೇ. ನಮ್ಮ ಬಿಸಿಲಿಗೆ, ನಮ್ಮ ಸೊಪ್ಪಿಗೆ ಬೈವೋಲ್ಟೈನ್ ಹುಳ ನಿಲ್ಲಲ್ಲ ಅಂತ ದೊಡ್ಡೋರೇ ಹೇಳ್ತಿದ್ದ ಕಾಲ. ಜಪಾನಿನ ತಜ್ಞರು ಬಂದ್ರು, ನಮ್ಮ ವಿಜ್ಞಾನಿಗಳ ಜೊತೆ ಕೆಲಸ ಮಾಡಿದ್ರು, ಹುಳು ಮನೆ ಹೆಂಗಿರ್ಬೇಕು, ಚಾಕಿ ಹುಳಕ್ಕೆ (ಎಳೆ ಹುಳಕ್ಕೆ) ಎಷ್ಟು ಶಾಖ ಬೇಕು, ಸೋಂಕು ಹೆಂಗೆ ತಡೀಬೇಕು ಎಲ್ಲಾ ಕಲಿಸಿ ಹೋದ್ರು. ಅವರು ಹೋದ್ರೂ ವಿದ್ಯೆ ಇಲ್ಲೇ ಉಳೀತು. ಹೊರಗಿನ ನೆರವು ಅಂದ್ರೆ ಎಲ್ಲಾ ಮೋಸ ಅಂತ ಭಾಷಣ ಮಾಡೋರಿಗೆ ನಾನು ಯಾವಾಗ್ಲೂ ಇದನ್ನ ತೋರಿಸ್ತೀನಿ. ಇದು ನಿಜವಾದ ಉಪಕಾರ, ಒಪ್ಕೋಬೇಕು.

ಈಗ ಇನ್ನೊಂದು ಮಗ್ಗುಲು ನೋಡಿ. 2001ರ ಡಿಸೆಂಬರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರ್ತು. ಅಲ್ಲಿನ ಕಚ್ಚಾ ರೇಷ್ಮೆ ಕಮ್ಮಿ ರೇಟಲ್ಲಿ ನಮ್ಮ ಮಾರ್ಕೆಟ್ಟಿಗೆ ನುಗ್ಗಿದ್ದಕ್ಕೆ 2003ರಲ್ಲಿ ಕೇಂದ್ರ ಸರ್ಕಾರ ಆಂಟಿ ಡಂಪಿಂಗ್ ಸುಂಕ ಹಾಕ್ಬೇಕಾಯ್ತು. ಅಲ್ಲಿಗೆ ಮುಗೀಲಿಲ್ಲ, 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕನ 30 ಪರ್ಸೆಂಟಿಂದ ಒಂದೇ ಏಟಿಗೆ 5 ಪರ್ಸೆಂಟಿಗೆ ಇಳಿಸಿದ್ರು. ಶಿಡ್ಲಘಟ್ಟ, ರಾಮನಗರ ಮಾರ್ಕೆಟ್ಟಲ್ಲಿ ಗೂಡಿನ ರೇಟು ಬಿದ್ದೋಯ್ತು, ರೈತರು ರೋಡಿಗೆ ಬಂದ್ರು, ಗಲಾಟೆ ಆಯ್ತು. 2013ರಲ್ಲಿ ಸುಂಕ 15ಕ್ಕೆ ಏರಿಸಿದ್ರು, ಆಮೇಲೆ 10ಕ್ಕೆ ಇಳೀತು, 2021ರ ಬಜೆಟ್ಟಲ್ಲಿ ಮತ್ತೆ 15. ಇದನ್ನ ಇಷ್ಟು ಬಿಡಿಸಿ ಯಾಕೆ ಹೇಳ್ತಿದೀನಿ ಅಂದ್ರೆ, ಹಿಪ್ಪುನೇರಳೆ ತೋಟ ಅನ್ನೋದು ಒಂದು ಸಲ ನೆಟ್ರೆ ಹತ್ತು ಹದಿನೈದು ವರ್ಷ ನಿಲ್ಲೋ ಬೆಳೆ, ಅದಕ್ಕೆ ಬೋರು, ಡ್ರಿಪ್ಪು, ಹುಳು ಮನೆ, ಹುಳ ಗೂಡು ಕಟ್ಟೋ ಚಂದ್ರಿಕೆ ಎಲ್ಲಾ ಸಾಲದಲ್ಲೇ. ರೈತ ಹದಿನೈದು ವರ್ಷದ ಲೆಕ್ಕ ಹಾಕಿ ಸಾಲ ಮಾಡಿರ್ತಾನೆ, ದೆಹಲೀಲಿ ಎರಡು ವರ್ಷಕ್ಕೊಂದು ಸಲ ರೇಟು ಬದಲಾಗುತ್ತೆ. ಗೂಡು ಇಟ್ಕೊಂಡು ಕಾಯೋಣ ಅಂದ್ರೆ ಅದೂ ಆಗಲ್ಲ, ಹುಳ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನ ತೂತು ಮಾಡ್ಕೊಂಡು ಆಚೆ ಬಂದ್ಬಿಡುತ್ತೆ, ಆಮೇಲೆ ಆ ಗೂಡಿಂದ ನೂಲು ಬಿಚ್ಚಕ್ಕಾಗಲ್ಲ. ಅವತ್ತಿನ ಹರಾಜಲ್ಲಿ ಬಂದ ರೇಟಿಗೆ ಕೊಟ್ಟು ಬರ್ಲೇಬೇಕು.

ಒಂದು ಕಡೆ ಬೆಳೀರಿ ಅಂತ ಸಾಲ, ಇನ್ನೊಂದು ಕಡೆ ಬಾಗಿಲು ತೆಗೆಯೋ ವ್ಯಾಪಾರ ನೀತಿ. ಎರಡೂ ಅಭಿವೃದ್ಧಿ ಹೆಸರಲ್ಲೇ. ಇಲ್ಲಿ ಚೀನಾನೋ ವಿಶ್ವಬ್ಯಾಂಕನ್ನೋ ಬೈದು ಕೈ ತೊಳ್ಕೊಳ್ಳೋದು ಸರಿಯಲ್ಲ, ಸುಂಕ ಇಳಿಸಿದ್ದು ನಮ್ಮ ಸರ್ಕಾರವೇ. ಅದಕ್ಕೂ ಕಾರಣ ಇತ್ತು, ನೂಲಿನ ರೇಟು ಏರಿ ನೇಕಾರರು ಒದ್ದಾಡ್ತಿದ್ರು. ನಮ್ಮ ಪಕ್ಕದ ದೊಡ್ಡಬಳ್ಳಾಪುರದ ಮಗ್ಗದೋರನ್ನೇ ಕೇಳಿ, ನೂಲು ದುಬಾರಿ ಆದ್ರೆ ಅವರ ಮಗ್ಗ ನಿಲ್ಲುತ್ತೆ. ಅಂದ್ರೆ ಬೆಳೆಯೋನೂ ಬಡವ, ನೇಯೋನೂ ಬಡವ, ಇಬ್ಬರನ್ನೂ ಎದುರುಬದುರು ನಿಲ್ಲಿಸಿದ ತೀರ್ಮಾನ ಆದಾಗ ಇಬ್ಬರೂ ಆ ಟೇಬಲ್ ಹತ್ರ ಇರಲಿಲ್ಲ. ಆರ್ಥಿಕ ಸವಾಲು ಅಂತ ನಾನು ಕರೆಯೋದು ಇದನ್ನ.

ಇನ್ನು ರೈತನಿಗೂ ನೇಕಾರನಿಗೂ ನಡುವೆ ಒಬ್ಬರಿದಾರೆ, ಅವರ ಸುದ್ದಿ ಯಾವ ಭಾಷಣದಲ್ಲೂ ಬರಲ್ಲ. ಶಿಡ್ಲಘಟ್ಟದಲ್ಲಿ ಗೂಡಿಂದ ನೂಲು ಬಿಚ್ಚೋ ರೀಲರ್‌ಗಳ ಶೆಡ್ಡಿಗೆ ಹೋಗಿ ನೋಡಿ, ತಗಡಿನ ಮಾಡು, ಒಳಗೆ ಹಬೆ, ಬೇಯ್ತಿರೋ ಹುಳದ ವಾಸನೆ. ಬೇಸಿನ್ ಮುಂದೆ ಕೂತ ಹೆಂಗಸು ಬಿಸಿನೀರಿಗೆ ಬೆರಳು ಇಳಿಸಿ ಗೂಡಿನ ಎಳೆ ಹಿಡಿದು ಕೊಡ್ತಾಳೆ, ಎಳೆ ತುಂಡಾದಾಗೆಲ್ಲಾ ಮತ್ತೆ ಕೈ ನೀರಿಗೆ. ಅವಳ ಬೆರಳ ತುದಿ ಬೆಳ್ಳಗೆ ನೆಂದು ಚರ್ಮ ಸುಲಿದಿರುತ್ತೆ, ಮನೆಗೆ ಹೋಗಿ ಸಾರಿಗೆ ಖಾರ ಅರೆಯೋಕೂ ಆಗದಷ್ಟು ಉರಿ. ಈ ಕೆಲಸದಲ್ಲಿ ಬಹಳಷ್ಟು ಜನ ಮುಸ್ಲಿಂ ಮನೆಯೋರು, ಜಮೀನಿಲ್ಲದೋರು. ಮುಂಗಡ ತಗೊಂಡು, ಆ ಮುಂಗಡ ತೀರೋವರೆಗೂ ಮಕ್ಕಳನ್ನ ದುಡಿಯೋಕೆ ಬಿಟ್ಟ ಕಾಲ ಒಂದಿತ್ತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಮಾಡ್ತು, ಅದರಲ್ಲಿ ಕರ್ನಾಟಕನೂ ಇತ್ತು. ಯೋಚ್ನೆ ಮಾಡಿ, ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಹೊರಗಿನ ದುಡ್ಡು ಈ ಉದ್ಯಮಕ್ಕೆ ಹರಿದಿದೆ. ಎಷ್ಟು ಎಕರೆ ತೋಟ ಆಯ್ತು, ಎಷ್ಟು ಕೆಜಿ ನೂಲು ಬಂತು ಅಂತ ಅಳೆದಿದಾರೆ, ಚರಕ ತಿರುಗಿಸ್ತಿದ್ದ ಮಗು ಆ ಅಳತೆಯೊಳಗೆ ಬರಲೇ ಇಲ್ಲ. ಏನು ಅಳೀತೀವೋ ಅದೇ ಅಭಿವೃದ್ಧಿ ಆಗ್ಬಿಡುತ್ತೆ, ಅಳೀದೇ ಬಿಟ್ಟಿದ್ದು ಮನುಷ್ಯರೇ ಆದ್ರೂ ಬಿಟ್ಟೋಗುತ್ತೆ. ನನಗೆ ಇದು ಬಹಳ ನೋವು ಕೊಡೋ ವಿಷಯ.

ಈಗ ಸಾಲದ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಅಕ್ಕಂದಿರು ದಯವಿಟ್ಟು ಗಮನ ಕೊಡಿ.

ಬಾಂಗ್ಲಾದೇಶದಲ್ಲಿ ಮೊಹಮ್ಮದ್ ಯೂನುಸ್ ಅವರು 1976ರಲ್ಲಿ ಜೋಬ್ರಾ ಅನ್ನೋ ಹಳ್ಳೀಲಿ ಬಡ ಹೆಣ್ಮಕ್ಕಳಿಗೆ ಸಣ್ಣ ಸಾಲ ಕೊಡೋದು ಶುರು ಮಾಡಿದ್ರು, 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯ್ತು. ಅಡಮಾನ ಇಲ್ಲ, ಐದು ಜನದ ಗುಂಪು, ವಾರದ ಕಂತು. ಒಳ್ಳೆ ಮನಸ್ಸಿಂದ ಹುಟ್ಟಿದ ವಿಚಾರ. ಅದು ಪ್ರಪಂಚಕ್ಕೆಲ್ಲ ಇಷ್ಟ ಆಯ್ತು, ವಿಶ್ವಸಂಸ್ಥೆ 2005ನ್ನ ಕಿರುಸಾಲದ ವರ್ಷ ಅಂತ ಘೋಷಣೆ ಮಾಡ್ತು, 2006ರಲ್ಲಿ ಯೂನುಸ್‌ಗೂ ಬ್ಯಾಂಕಿಗೂ ಶಾಂತಿ ನೊಬೆಲ್ ಬಂತು. ಅಲ್ಲಿಂದ ಮುಂದೆ ಬಡತನ ಹೋಗಲಾಡಿಸೋಕೆ ಸಾಲ ಒಂದೇ ಮದ್ದು ಅನ್ನೋ ಹಾಗೆ ಹೊರಗಿನ ಫಂಡುಗಳು, ನಮ್ಮ ಬ್ಯಾಂಕುಗಳು ಎಲ್ಲಾ ದುಡ್ಡು ತಂದು ಸುರಿದ್ರು. ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ಊರುಗಳಿಗೆ ಒಂದರ ಹಿಂದೆ ಒಂದು ಸಂಸ್ಥೆ ಬಂತು. ಒಂದೇ ಗಲ್ಲೀಲಿ ಬೆಳಗ್ಗೆ ಏಳು ಗಂಟೆಗೆ ಒಂದು ಸಂಘದ ಮೀಟಿಂಗು, ಎಂಟಕ್ಕೆ ಇನ್ನೊಂದು, ಅದೇ ಚಾಪೆ, ಅದೇ ಹೆಂಗಸರು, ಕಾರ್ಡಿನ ಬಣ್ಣ ಮಾತ್ರ ಬೇರೆ. ಒಂದರ ಕಂತು ಕಟ್ಟೋಕೆ ಇನ್ನೊಂದರಲ್ಲಿ ಸಾಲ ಎತ್ತೋದು. ವಸೂಲಿ ನೂರಕ್ಕೆ ತೊಂಬತ್ತೊಂಬತ್ತು ಅಂತ ಮೇಲಿನೋರಿಗೆ ರಿಪೋರ್ಟ್ ಹೋಗ್ತಿತ್ತು, ಆ ಕಂತು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ಬಡ್ಡಿ ಲೆಕ್ಕ ಒಂದು ಹೇಳ್ಬಿಡ್ತೀನಿ, ಡಿಗ್ರಿ ಮಕ್ಕಳಿಗೂ ಇದು ಗೊತ್ತಿರಲ್ಲ. ಹತ್ತು ಸಾವಿರ ಸಾಲ, 15 ಪರ್ಸೆಂಟ್ ಫ್ಲಾಟ್ ಬಡ್ಡಿ, 50 ವಾರ ಅನ್ಕೊಳ್ಳಿ. ಒಟ್ಟು 11,500, ವಾರಕ್ಕೆ 230. ಕೇಳೋಕೆ ಏನೂ ಅಲ್ಲ. ಆದ್ರೆ 25ನೇ ವಾರಕ್ಕೆ ನೀವು ಅಸಲಲ್ಲಿ ಅರ್ಧ ವಾಪಸ್ ಕೊಟ್ಟಾಗಿರುತ್ತೆ, ನಿಮ್ಮ ಕೈಲಿರೋದು ಅವರ ಐದೇ ಸಾವಿರ, ಬಡ್ಡಿ ಮಾತ್ರ ಹತ್ತು ಸಾವಿರಕ್ಕೇ ಕಟ್ತಿರ್ತೀರಿ. ಕೊನೇ ವಾರದಲ್ಲಿ ಕೈಲಿರೋದು ಇನ್ನೂರು ರೂಪಾಯಿ, ಬಡ್ಡಿ ಮಾತ್ರ ಮೊದಲ ವಾರದಷ್ಟೇ. ಹಂಗಾಗಿ ನಿಜವಾದ ಬಡ್ಡಿ ಹದಿನೈದಲ್ಲ, ಹತ್ತಿರ ಹತ್ತಿರ ಅದರ ದುಪ್ಪಟ್ಟು. ಅಕ್ಕಾ, ಯಾರೇ ಸಾಲ ಕೊಡೋಕೆ ಬಂದ್ರೂ ಫ್ಲಾಟ್ ಬಡ್ಡೀನಾ, ಉಳಿಕೆ ಅಸಲಿನ ಮೇಲಿನ ಬಡ್ಡೀನಾ ಅಂತ ಮೊದಲು ಕೇಳಿ.

2008ರ ಕೊನೆಗೆ ಜಗತ್ತಿನ ಮಾರ್ಕೆಟ್ ಕುಸೀತು, ರೇಷ್ಮೆ ಕೆಲಸಕ್ಕೂ ಪೆಟ್ಟು ಬಿತ್ತು, ಬೇಸಿನ್‌ಗಳು ನಿಂತ್ವು. ಕೂಲಿ ಇಲ್ಲ, ಕಂತು ಮಾತ್ರ ನಿಲ್ಲಲಿಲ್ಲ. 2009ರ ಶುರುವಲ್ಲಿ ಕೋಲಾರದ ಅಂಜುಮನ್ ಕಮಿಟಿ (ಮುಸ್ಲಿಂ ಸಮುದಾಯದ ಸಂಸ್ಥೆ), ನಮ್ಮ ಹೆಣ್ಮಕ್ಕಳು ಈ ಸಂಸ್ಥೆಗಳಿಗೆ ಕಂತು ಕಟ್ಟೋದು ಬೇಡ ಅಂತ ಹೇಳ್ತು. ಅದು ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಹಬ್ಬಿತು, ಕರ್ನಾಟಕದಲ್ಲಿ ಕಿರುಸಾಲದ ಮೊದಲ ದೊಡ್ಡ ಬಿಕ್ಕಟ್ಟು ಅಂತ ಪ್ರಪಂಚದ ಪೇಪರುಗಳಲ್ಲೂ ಬಂತು. ಆಗ ಹೊರಗಿನೋರು ಇದನ್ನ ಧರ್ಮದ ವಿಷಯ ಅಂತಾನೇ ಓದಿದ್ರು, ಬಡ್ಡಿ ನಿಷೇಧ, ಹೆಂಗಸರು ಗಂಡಸು ಫೀಲ್ಡ್ ಆಫೀಸರ್ ಮುಂದೆ ಕೂರೋದು, ಇತ್ಯಾದಿ. ಅದೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನೂಲಿನ ಕೆಲಸ ನಿಂತಿದ್ದು, ಒಬ್ಬೊಬ್ಬರ ಮೇಲೆ ಮೂರು ನಾಲ್ಕು ಸಾಲ ಏರಿದ್ದು, ಒಬ್ಬಳು ಕಟ್ಟದಿದ್ರೆ ಗುಂಪಿನ ಉಳಿದ ನಾಲ್ಕು ಜನ ಅವಳ ಬಾಗಿಲಿಗೆ ಹೋಗಿ ಕೂರ್ಬೇಕಾಗಿದ್ದು, ಇದೆಲ್ಲಾ ಸೇರಿದ ಮೇಲೆ ಕಮಿಟಿ ಬಾಯಿಂದ ಮಾತು ಬಂದಿದ್ದು. ಅಕ್ಕಪಕ್ಕದ ಮನೆಯೋರ ನಂಬಿಕೆಯನ್ನೇ ಅಡಮಾನ ಇಟ್ಕೊಂಡ ಸಾಲ ಅದು. ಸಾಲ ತೀರದೇ ಹೋದಾಗ ಹಾಳಾಗಿದ್ದೂ ಆ ನಂಬಿಕೆಯೇ. ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಸೇವಿಗೆ ಪಾಯಸ ಕಳಿಸ್ತಿದ್ದೋರು ಮಾತು ಬಿಟ್ಟರು, ಅದನ್ನ ಯಾವ ಕಮಿಟಿ ರಿಪೋರ್ಟು ಬರೆಯುತ್ತೆ?

ಮುಂದಿನ ವರ್ಷ, 2010ರಲ್ಲಿ, ಗಡಿ ಆಚೆ ಆಂಧ್ರದಲ್ಲಿ ಇದೇ ಇನ್ನೂ ದೊಡ್ಡದಾಗಿ ನಡೀತು. ಆಗಸ್ಟಲ್ಲಿ ಹೈದರಾಬಾದಿನ ಒಂದು ಮೈಕ್ರೋಫೈನಾನ್ಸ್ (ಕಿರುಸಾಲದ) ಕಂಪನಿ ಷೇರು ಮಾರ್ಕೆಟ್ಟಿಗೆ ಹೋಗಿ 1,600 ಕೋಟಿಗೂ ಮೇಲೆ ಎತ್ತಿತು, ಅಕ್ಟೋಬರಲ್ಲಿ ಆತ್ಮಹತ್ಯೆ ಸುದ್ದಿಗಳ ಮಧ್ಯೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂತು. ಎರಡೇ ತಿಂಗಳ ಅಂತರ. ಆಮೇಲೆ ಇದನ್ನ ನೋಡೋಕೆ ರಿಸರ್ವ್ ಬ್ಯಾಂಕ್ ಮಾಡಿದ ಮಾಲೇಗಾಂ ಸಮಿತಿ, 2011ರ ಕೊನೆಗೆ ರಿಸರ್ವ್ ಬ್ಯಾಂಕ್ ನಿಯಮ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕಂಪನಿ ಸಾಲ ಕೊಡಬಾರದು, ಬಡ್ಡಿಗೆ ಮಿತಿ. 2022ರಲ್ಲಿ ಆ ಬಡ್ಡಿ ಮಿತಿ ತೆಗೆದ್ರು, ಮನೆ ಆದಾಯದ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಹೋಗಬಾರದು ಅಂತ ಮಾಡಿದ್ರು. ಆದಾಯ ಎಷ್ಟು ಅಂತ ಬರ್ಕೊಳ್ಳೋದು ಯಾರು? ಸಾಲ ಕೊಡೋ ಹುಡುಗನೇ. 2025ರ ಫೆಬ್ರವರೀಲಿ ನಮ್ಮ ರಾಜ್ಯನೂ ಸುಗ್ರೀವಾಜ್ಞೆ ತಂತು, ದೌರ್ಜನ್ಯದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕೋಲಾರದಲ್ಲಿ 2009ರಲ್ಲಿ ಕಂಡಿದ್ದಕ್ಕೆ ಕಾನೂನು ಬರೋಕೆ ಹದಿನಾರು ವರ್ಷ ಬೇಕಾಯ್ತು.

ಈ ಸಾಲದಿಂದ ಬಡತನ ಹೋಯ್ತಾ ಅಂತ ಪರೀಕ್ಷೆ ಮಾಡಿ ನೋಡಿದೋರೂ ಇದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, 2019ರಲ್ಲಿ ನೊಬೆಲ್ ಬಂದೋರು, ಅವರು ಜೊತೆಯವರ ಸಂಗಡ ಹೈದರಾಬಾದಿನ 104 ಬಡಾವಣೆ ತಗೊಂಡು ಅರ್ಧಕ್ಕೆ ಸಾಲ ಮೊದಲು, ಅರ್ಧಕ್ಕೆ ಆಮೇಲೆ ಬರೋ ಹಾಗೆ ಮಾಡಿ ಹೋಲಿಸಿದ್ರು. ಮೊದಲೇ ವ್ಯಾಪಾರ ಇದ್ದೋರಿಗೆ ಸ್ವಲ್ಪ ಅನುಕೂಲ ಆಗಿತ್ತು, ಆರೋಗ್ಯ, ಮಕ್ಕಳ ಓದು, ಮನೇಲಿ ಹೆಣ್ಮಕ್ಕಳ ಮಾತಿಗೆ ಬೆಲೆ ಇವುಗಳಲ್ಲಿ ಗಟ್ಟಿ ಬದಲಾವಣೆ ಕಾಣಲಿಲ್ಲ. ಸಾಲ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಸಾಲಕ್ಕೆ ಮಾಡೋಕಾಗದ ಕೆಲಸನ ಸಾಲದ ತಲೆಗೆ ಕಟ್ಟಿದ್ರು. ಆಸ್ಪತ್ರೆ, ಸ್ಕೂಲು, ಕೂಲಿ ಇವನ್ನ ಸರಿ ಮಾಡ್ಬೇಕಾಗಿದ್ದ ದುಡ್ಡಿನ ಬದಲು ಬಡವರ ಕೈಗೆ ಸಾಲ ಕೊಟ್ಟು, ನೀವೇ ಉದ್ಧಾರ ಆಗಿ ಅಂದ್ರು.

ಇದಕ್ಕೆ ಬೇರೆ ದಾರಿ ಇರಲಿಲ್ವಾ ಅಂದ್ರೆ ನಮ್ಮ ಕಣ್ಮುಂದೇನೇ ಇತ್ತು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕೋಲಾರ ಜಿಲ್ಲೆ ಕಾಮಸಮುದ್ರದ ಕಡೆ ಮತ್ತೆ ಬೇರೆ ಕಡೆಗಳಲ್ಲಿ ಸಣ್ಣ ಸಣ್ಣ ಸ್ವಸಹಾಯ ಗುಂಪು ಕಟ್ಟಿತು, 1992ರಲ್ಲಿ ಕೃಷಿ, ಗ್ರಾಮೀಣ ಸಾಲ ನೋಡ್ಕೊಳ್ಳೋ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದೇ ದಾರೀಲಿ ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಸೇರಿಸೋ ಪ್ರಯೋಗ ಶುರು ಮಾಡ್ತು. ಮೊದಲು ಉಳಿತಾಯ, ಆಮೇಲೆ ಸಾಲ, ಯಾರಿಗೆ ಕೊಡ್ಬೇಕು ಅಂತ ಗುಂಪೇ ತೀರ್ಮಾನ ಮಾಡೋದು, ಬಡ್ಡಿ ಗುಂಪಲ್ಲೇ ಉಳಿಯೋದು. ಒಬ್ಬಳ ಮಗು ಆಸ್ಪತ್ರೇಲಿದೆ ಅಂದ್ರೆ ಈ ತಿಂಗಳು ಕಂತು ಬೇಡ ಕಣಕ್ಕ ಅಂತ ಗುಂಪೇ ಹೇಳೋಕೆ ಆಗ್ತಿತ್ತು. ಅದೇ ದೊಡ್ಡ ವ್ಯತ್ಯಾಸ, ಮುಂದಕ್ಕೆ ಹಾಕೋ ಅಧಿಕಾರ ಯಾರ ಕೈಲಿದೆ ಅನ್ನೋದು. ಇದು ನಿಧಾನದ ಕೆಲಸ, ಮೂರು ವರ್ಷಕ್ಕೆ ಟಾರ್ಗೆಟ್ ತೋರಿಸ್ಬೇಕಾದ ಫಂಡಿಗೆ ಇದು ಹಿಡಿಸಲ್ಲ.

ಬಾಗೇಪಲ್ಲಿ ಕಡೆಯೋರು ಯಾರಾದ್ರೂ ಇದೀರಾ? ನಿಮ್ಮ ತಾಲ್ಲೂಕಿನ ಹೆಸರು ವಿಶ್ವಸಂಸ್ಥೆ ದಾಖಲೇಲಿ ಇದೆ. ಕ್ಯೋಟೋ ಒಪ್ಪಂದ ಅಂತ ಆಗಿತ್ತು, ಶ್ರೀಮಂತ ದೇಶಗಳು ತಮ್ಮ ಹೊಗೆ ಕಮ್ಮಿ ಮಾಡೋ ಬದಲು ಬಡ ದೇಶದಲ್ಲಿ ಹೊಗೆ ಉಳಿಸೋ ಯೋಜನೆಗೆ ದುಡ್ಡು ಕೊಟ್ಟು ಕಾರ್ಬನ್ ಕ್ರೆಡಿಟ್ (ಉಳಿಸಿದ ಹೊಗೆಯ ಲೆಕ್ಕದ ಚೀಟಿ) ತಗೋಬಹುದು ಅಂತ. ಬಾಗೇಪಲ್ಲಿ ಕೂಲಿ ಸಂಘದೋರ 5,500 ಮನೆಗೆ ಗೋಬರ್ ಗ್ಯಾಸ್ ಕಟ್ಟೋ ಕಾರ್ಯಕ್ರಮ 2005ರ ಡಿಸೆಂಬರಲ್ಲೇ ನೋಂದಣಿ ಆಯ್ತು, ಪ್ರಪಂಚದಲ್ಲೇ ಮೊದಮೊದಲ ಸಾಲಿನಲ್ಲಿ. ಸೌದೆ ಹೊರೋದು ತಪ್ಪಿತು, ಅಡುಗೆ ಮನೆ ಹೊಗೆ ತಪ್ಪಿತು, ಗ್ಯಾಸ್ ಆದ್ಮೇಲೆ ಉಳಿಯೋ ಸ್ಲರಿ ಹೊಲಕ್ಕೆ ಹೋಯ್ತು, ಇದು ಕೂಲಿಕಾರರ ಸಂಘಟನೆ ತಾನೇ ನಿಂತು ಮಾಡಿಸಿದ್ದು, ಅದಕ್ಕೇ ಚೆನ್ನಾಗಿ ಬಂತು. ಆದ್ರೆ 2008ರಲ್ಲಿ 20 ಯೂರೋ ದಾಟಿದ್ದ ಕ್ರೆಡಿಟ್ ರೇಟು 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಯೂರೋಪಲ್ಲಿ ಫ್ಯಾಕ್ಟರಿ ಮಂದ ಆದ್ವು, ಕ್ರೆಡಿಟ್ ಜಾಸ್ತಿ ಬಂದ್ಬಿಡ್ತು, ಅಲ್ಲಿನ ನಿಯಮ ಬಿಗಿ ಆಯ್ತು. ಬಾಗೇಪಲ್ಲೀಲಿ ಸಗಣಿ ಕಲಸೋ ಹೆಂಗಸು ಒಂದು ದಿನವೂ ಕೆಲಸ ತಪ್ಪಿಸಿಲ್ಲ, ಅವಳ ಕೆಲಸದ ಬೆಲೆ ಮಾತ್ರ ಅವಳು ನೋಡದ ಊರಲ್ಲಿ ಬಿದ್ದೋಯ್ತು.

ಕೆರೆ ವಿಷಯ ಚಿಕ್ಕದಾಗಿ ಹೇಳ್ತೀನಿ. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಬಂತು, ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೇಲೇ ಇತ್ತು, ತುಮಕೂರು ಕೂಡ ಆ ಪಟ್ಟೀಲಿತ್ತು. ಹೂಳು ತೆಗೆಯೋದು, ತೂಬು ರಿಪೇರಿ, ಏರಿ ಗಟ್ಟಿ ಮಾಡೋದು, ಬೇಕಾಗಿದ್ದ ಕೆಲಸವೇ. ಊರೂರಲ್ಲಿ ಕೆರೆ ಬಳಕೆದಾರರ ಸಂಘ ಮಾಡಿಸಿದ್ರು. ನನ್ನ ತಕರಾರು ಎಲ್ಲಿ ಅಂದ್ರೆ, 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದು ಊರಿಗೊಂದು ಚುನಾಯಿತ ಪಂಚಾಯ್ತಿ ಇದ್ದಾಗ, ಅದರ ಪಕ್ಕದಲ್ಲಿ ಇನ್ನೊಂದು ಸಂಘ ಹುಟ್ಟಿಸಿ ದುಡ್ಡು, ಲೆಕ್ಕ ಎಲ್ಲಾ ಅದರ ಮೂಲಕ ಹರಿಸೋ ಕ್ರಮ. ಪಂಚಾಯ್ತೀಲಿ ರಾಜಕೀಯ ಇರುತ್ತೆ, ಅದಕ್ಕೆ ಬೇಡ ಅಂತಾರೆ. ಸಾಲದ ಅವಧಿ ಮುಗಿದ ಮೇಲೆ ಆ ಸಂಘಕ್ಕೆ ದುಡ್ಡೂ ಇಲ್ಲ, ಅಧಿಕಾರನೂ ಇಲ್ಲ, ತೂಬು ಮತ್ತೆ ಕೆಟ್ರೆ ಜನ ಹೋಗಿ ನಿಲ್ಲೋದು ಪಂಚಾಯ್ತಿ ಮೆಂಬರ್ ಮನೆ ಮುಂದೇನೇ. ರಾಜಕೀಯ ಬಿಟ್ಟು ಅಭಿವೃದ್ಧಿ ಮಾಡ್ತೀವಿ ಅನ್ನೋರು ಜನ ವೋಟ್ ಹಾಕಿ ಪ್ರಶ್ನೆ ಕೇಳಬಹುದಾದ ಒಂದೇ ಜಾಗನ ದುರ್ಬಲ ಮಾಡಿ ಹೋಗ್ತಾರೆ.

ಮೇಲಿನ ಮಟ್ಟದಲ್ಲೂ ಇದೇ. ಕಷ್ಟಕ್ಕೆ ಬಿದ್ದ ದೇಶಗಳಿಗೆ ಸಾಲ ಕೊಡೋ ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಕ್ಕೆ 85 ಪರ್ಸೆಂಟ್ ಮತ ಬೇಕು, ಅಮೆರಿಕ ಒಂದರ ಕೈಲೇ 16ಕ್ಕಿಂತ ಹೆಚ್ಚಿದೆ, ಅಂದ್ರೆ ಅವರು ಬೇಡ ಅಂದ್ರೆ ಮುಗೀತು. ವಿಶ್ವಬ್ಯಾಂಕಿನ ಅಧ್ಯಕ್ಷರು ಅಮೆರಿಕದೋರು, ಐಎಂಎಫ್ ಮುಖ್ಯಸ್ಥರು ಯೂರೋಪಿನೋರು ಅನ್ನೋದು ಶುರುವಿಂದ ನಡ್ಕೊಂಡು ಬಂದಿದೆ. ರಾಷ್ಟ್ರೀಯ ಆದಾಯದ 0.7 ಪರ್ಸೆಂಟ್ ನೆರವಿಗೆ ಕೊಡ್ಬೇಕು ಅಂತ ಶ್ರೀಮಂತ ದೇಶಗಳಿಗೆ ವಿಶ್ವಸಂಸ್ಥೆ ಗುರಿ ಇಟ್ಟಿದ್ದು 1970ರಲ್ಲಿ, 2024ರಲ್ಲಿ ಅದನ್ನ ಮುಟ್ಟಿದ್ದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್, ನಾಲ್ಕೇ. ಬ್ರಿಟನ್ 0.7 ಇದ್ದಿದ್ದನ್ನ 2021ರಲ್ಲಿ 0.5 ಮಾಡ್ತು, 2027ಕ್ಕೆ 0.3 ಮಾಡ್ತೀವಿ ಅಂದಿದೆ. 2025ರ ಜನವರಿ 20ಕ್ಕೆ ಅಮೆರಿಕ ವಿದೇಶಿ ನೆರವು ನಿಲ್ಲಿಸೋ ಆದೇಶ ಮಾಡ್ತು, ಜುಲೈ 1ಕ್ಕೆ ಅವರ ನೆರವು ಸಂಸ್ಥೆ ಯುಎಸ್‌ಎಐಡಿ ಬಾಗಿಲು ಹಾಕ್ತು, ಮಧ್ಯದಲ್ಲಿ ಆಫ್ರಿಕಾದ ಎಷ್ಟೋ ಕಡೆ ಎಚ್‌ಐವಿ ಕ್ಲಿನಿಕ್‌ಗಳ ಕೆಲಸ ನಿಂತೋಯ್ತು. ದಿನಾ ಮಾತ್ರೆ ತಗೊಂಡು ಬದುಕೋ ಮನುಷ್ಯನಿಗೆ ಇನ್ನೊಂದು ದೇಶದ ಚುನಾವಣೆ ಫಲಿತಾಂಶ ಮಾತ್ರೆಯ ರೂಪದಲ್ಲಿ ಬಂದು ಮುಟ್ಟುತ್ತೆ. ಇನ್ನೊಂದು ಕಡೆ ಸಾಲ, ಆರೋಗ್ಯಕ್ಕೋ ಶಿಕ್ಷಣಕ್ಕೋ ಖರ್ಚು ಮಾಡೋದಕ್ಕಿಂತ ಹೆಚ್ಚು ಬಡ್ಡಿಗೇ ಕಟ್ಟೋ ದೇಶಗಳಲ್ಲಿ 340 ಕೋಟಿ ಜನ ಇದಾರೆ ಅಂತ ವಿಶ್ವಸಂಸ್ಥೆ ಲೆಕ್ಕ. ಶಿಡ್ಲಘಟ್ಟದ ಗಲ್ಲೀಲಿ ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಅಂದ್ನಲ್ಲ, ದೇಶಗಳೂ ಅದೇ ಮಾಡ್ತಿವೆ.

ಹಂಗಾದ್ರೆ ಕೇಳೋ ಜಾಗ ಎಲ್ಲೂ ಇಲ್ವಾ ಅಂದ್ರೆ, ಇದೆ, ಅದನ್ನ ಹೋರಾಡಿ ತಂದೋರು ನಮ್ಮ ದೇಶದ ಜನವೇ. ನರ್ಮದಾ ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕ್ 1985ರಲ್ಲಿ ಸಾಲ ಒಪ್ಪಿತ್ತು. ಮುಳುಗಡೆ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕೇ ಸ್ವತಂತ್ರ ಪರಿಶೀಲನೆ ಮಾಡಿಸ್ತು, 1992ರ ಆ ವರದಿ ಪುನರ್ವಸತಿ ಸರಿಯಿಲ್ಲ ಅಂತ ಖಡಾಖಂಡಿತ ಹೇಳ್ತು, 1993ರ ಮಾರ್ಚಲ್ಲಿ ಉಳಿದ ಸಾಲ ಬೇಡ ಅಂತ ಭಾರತ ಬಿಟ್ಕೊಡ್ತು. ಅದೇ ವರ್ಷ ಸೆಪ್ಟೆಂಬರಲ್ಲಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಅಂತ ಮಾಡಿದ್ರು, ಯೋಜನೆಯಿಂದ ತೊಂದರೆ ಆದ ಜನ ನೇರವಾಗಿ ದೂರು ಕೊಡೋ ವ್ಯವಸ್ಥೆ. ಗುಜರಾತಿನ ಮುಂದ್ರಾದ ಮೀನುಗಾರರು ಇನ್ನೂ ಮುಂದೆ ಹೋದ್ರು, ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸಾಲ ಕೊಟ್ಟ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಮೇಲೆ ಅಮೆರಿಕದ ಕೋರ್ಟಲ್ಲಿ ಕೇಸ್ ಹಾಕಿದ್ರು. ಇಂಥ ಸಂಸ್ಥೆಗಳ ಮೇಲೆ ಕೇಸ್ ಹಾಕೋಕೇ ಆಗಲ್ಲ ಅನ್ನೋ ಸಂಪೂರ್ಣ ರಕ್ಷಣೆ ಇಲ್ಲ ಅಂತ 2019ರ ಫೆಬ್ರವರೀಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳ್ತು. ಆಮೇಲೆ ಕೆಳಗಿನ ಕೋರ್ಟು ಬೇರೆ ಕಾರಣಕ್ಕೆ ಕೇಸನ್ನ ವಜಾ ಮಾಡ್ತು, ಮೀನುಗಾರರಿಗೆ ಪರಿಹಾರ ಸಿಗಲಿಲ್ಲ, ಆದ್ರೂ ಆ ಬಾಗಿಲು ಮೊದಲಿನಷ್ಟು ಭದ್ರವಾಗಿ ಮುಚ್ಚಿಲ್ಲ. ಕಾಂಬೋಡಿಯಾದಲ್ಲಿ ಜಮೀನಿನ ಪತ್ರ ಅಡ ಇಟ್ಟು ಕಿರುಸಾಲ ತಗೊಂಡು ಭೂಮಿ ಕಳ್ಕೊಂಡೋರ ಪರವಾಗಿ 2022ರಲ್ಲಿ ಅದೇ ಐಎಫ್‌ಸಿಯ ದೂರು ವಿಭಾಗಕ್ಕೆ ಅರ್ಜಿ ಹೋಗಿದೆ, ವಿಚಾರಣೆಗೂ ತಗೊಂಡಿದಾರೆ. ನಮ್ಮ ಕೋಲಾರದ ಹೆಣ್ಮಕ್ಕಳಿಗೆ 2009ರಲ್ಲಿ ಈ ದಾರಿ ಯಾರೂ ತೋರಿಸಲಿಲ್ಲ.

ಮಾತು ಮುಗಿದ ಮೇಲೆ ಸಂಘದ ಅಕ್ಕ ಒಬ್ಬರು ಎದ್ದು, ಸಾರ್ ನಮ್ಮೂರಿಗೆ ಬಂದಿರೋ ಯೋಜನೆ ಯಾರ ದುಡ್ಡು ಅಂತ ನಾವು ತಿಳ್ಕೊಳ್ಳೋದು ಹೆಂಗೆ ಅಂತ ಕೇಳಿದ್ರು. ಇಡೀ ಸಭೇಲಿ ಬಂದ ಒಳ್ಳೆ ಪ್ರಶ್ನೆ ಅದು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. ಕೆಲಸದ ಜಾಗದಲ್ಲಿ ಬೋರ್ಡ್ ಇದ್ಯಾ ನೋಡಿ, ಫೋಟೋ ತೆಗೆದಿಟ್ಕೊಳ್ಳಿ. ಇಲ್ಲಾಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ, ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ. ಹಣ ಯಾರದ್ದು, ಸಾಲದ ಅವಧಿ ಯಾವಾಗ ಮುಗಿಯುತ್ತೆ, ತೊಂದರೆ ಆದ್ರೆ ದೂರು ಯಾರಿಗೆ, ಈ ಮೂರು ಕೇಳಿದ್ರೆ ಸಾಕು, 30 ದಿನದಲ್ಲಿ ಉತ್ತರ ಕೊಡ್ಲೇಬೇಕು. ಬಂದ ಉತ್ತರನ ಗ್ರಾಮ ಸಭೇಲಿ ಓದ್ಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ವಿಶ್ವಬ್ಯಾಂಕಿನದ್ದು ಅಂತ ಗೊತ್ತಾದ್ರೆ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ಇಬ್ಬರು ಸೈನ್ ಹಾಕಿ ಕಾಗದ ಕೊಡಬಹುದು, ಅದನ್ನ ಕನ್ನಡದಲ್ಲೇ ಬರೀಬಹುದು, ಲಾಯರ್ ಬೇಡ. ಒಂದೇ ಒಂದು ಗಡುವಿದೆ, ಸಾಲದ ಅವಧಿ ಮುಗಿದು ಹದಿನೈದು ತಿಂಗಳು ದಾಟಿದ್ರೆ ಆ ಪ್ಯಾನೆಲ್ ದೂರು ತಗೊಳ್ಳಲ್ಲ, ಅದಕ್ಕೇ ಆ ಮುಗಿಯೋ ತಾರೀಕನ್ನ ಮೊದಲ ಅರ್ಜೀಲೇ ಕೇಳ್ಕೊಳ್ಳಿ.